ಸ್ಪಷ್ಟನೆ: ಥರ್ಮೋಸ್ಟಾಟ್ ಕಿತ್ತರೆ ಇಂಜಿನ್ ತಂಪಾಗುವುದಿಲ್ಲ

"ಹಳೆ ಕಾರು ಬಿಸಿಯಾಗ್ತಿದ್ಯಾ? ಥರ್ಮೋಸ್ಟಾಟ್ ಕಿತ್ತುಹಾಕಿ, ಕೂಲಂಟ್ ಬದಲು ನಲ್ಲಿ ನೀರು ತುಂಬಿ, ಖರ್ಚೇ ಇಲ್ಲ" ಎಂಬ ಮೆಸೇಜ್ ಓಡಾಡುತ್ತಿದೆ. ಎರಡೂ ಸಲಹೆ ತಪ್ಪು. ದಯವಿಟ್ಟು ಇದನ್ನು ಮುಂದೆ ಕಳಿಸಬೇಡಿ.

ಥರ್ಮೋಸ್ಟಾಟ್ ಅಂದ್ರೆ ಇಂಜಿನ್‌ನ ಬಿಸಿ ನೀರನ್ನು ರೇಡಿಯೇಟರ್‌ಗೆ (ಆ ನೀರು ತಣಿಯುವ ಭಾಗಕ್ಕೆ) ಬಿಡುವ ವಾಲ್ವ್. ಅದು ಸಾಮಾನ್ಯವಾಗಿ 80ರಿಂದ 90 ಡಿಗ್ರಿ ಸೆಲ್ಸಿಯಸ್ ನಡುವೆ ತೆರೆಯಲು ಶುರುವಾಗುತ್ತದೆ. ಇಂಜಿನ್ ಪೂರ್ತಿ ಬಿಸಿಯಾದಾಗ ಅದು ಹೇಗೂ ತೆರೆದೇ ಇರುತ್ತದೆ, ಹಾಗಾಗಿ ಸರಿಯಿರುವುದನ್ನು ಕಿತ್ತು ಸಿಗುವುದೇನೂ ಇಲ್ಲ. ಬದಲಿಗೆ ಇಂಜಿನ್ ಬಿಸಿಯಾಗಲು ಜಾಸ್ತಿ ಹೊತ್ತು ಹಿಡಿಯುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಒಳಭಾಗಗಳು ಬೇಗ ಸವೆಯುತ್ತವೆ. ಕೆಲವು ಇಂಜಿನ್‌ಗಳಲ್ಲಿ ಬೈಪಾಸ್ ದಾರಿಯನ್ನು ಮುಚ್ಚುವುದೂ ಇದೇ ಥರ್ಮೋಸ್ಟಾಟ್. ಅದಿಲ್ಲದಿದ್ದರೆ ಬಿಸಿ ನೀರಲ್ಲಿ ಒಂದಷ್ಟು ರೇಡಿಯೇಟರ್ ಮುಟ್ಟದೆಯೇ ವಾಪಸ್ ಬಂದು ಇಂಜಿನ್ ಇನ್ನೂ ಬಿಸಿಯಾಗಬಹುದು. ಕೆಟ್ಟು ಮುಚ್ಚಿಕೊಂಡಿದ್ದರೆ ಹೊಸದು ಹಾಕಿಸಿ, ಅಷ್ಟೇ.

ಇನ್ನು ನೀರು. ಶಾಖ ಹೀರುವುದರಲ್ಲಿ ನೀರು ಒಳ್ಳೆಯದು, ನಿಜ. ಆದರೆ ಬೋರ್‌ವೆಲ್‌ನ ಗಡಸು ನೀರು ರೇಡಿಯೇಟರ್ ಒಳಗೆ ಬಿಳಿ ಪದರ ಕಟ್ಟಿಸುತ್ತದೆ, ತುಕ್ಕು ತಡೆಯುವ ಅಂಶವೂ ಅದರಲ್ಲಿಲ್ಲ. ಡಿಸ್ಟಿಲ್ಡ್ ವಾಟರ್ ಜೊತೆ ಕೂಲಂಟ್ ಅರ್ಧರ್ಧ ಬೆರೆಸಿದರೆ ಕುದಿಯುವ ಬಿಂದುವೂ ಏರುತ್ತದೆ.

ಕಡಿಮೆ ದುಡ್ಡಲ್ಲಿ ಆಗಬೇಕು ಅಂದ್ರೆ ಮೊದಲು ರೇಡಿಯೇಟರ್ ಕ್ಯಾಪ್ ನೋಡಿ. ಅದರ ರಬ್ಬರ್ ಹೋಗಿದ್ದರೆ ಒತ್ತಡ ನಿಲ್ಲದೆ ಬೇಗ ಕುದಿಯುತ್ತದೆ. ರೇಡಿಯೇಟರ್‌ನ ಫಿನ್‌ಗಳಲ್ಲಿ (ತೆಳು ತಗಡಿನ ಪಟ್ಟಿಗಳಲ್ಲಿ) ಸಿಕ್ಕಿದ ಧೂಳು, ಹುಳಗಳನ್ನು ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಫ್ಯಾನ್ ತಿರುಗುತ್ತಾ ನೋಡಿ. ಇಂಜಿನ್ ಬಿಸಿಯಿರುವಾಗ ಮಾತ್ರ ಕ್ಯಾಪ್ ತೆರೆಯಲೇಬೇಡಿ, ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ.