ಕ್ಯಾಶಿನ ಕುಲಗೋತ್ರ

ಇಂಗ್ಲಿಷರ ಕ್ಯಾಶ್ ನಮ್ಮ ಕಾಸಿನಿಂದ ಕದ್ದ ಮಾಲು ಎಂಬ ವಾಟ್ಸಾಪ್ ಸುದ್ದಿ ಆಗಾಗ ಕೇರಳದ ಗಡಿನಾಡು ಕಾಸರಗೋಡಿನಲ್ಲಿ, ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗೆ ಓಡಾಡುತ್ತದೆ. ಹೊಳೆ ದಾಟಿದ್ದೇ ತಡ, ಕಾಸು 'ಕಾಶ್' ಆಗುತ್ತದೆ, ಕಳವಾದದ್ದು ಮಲಯಾಳದ ಮನೆಯಲ್ಲಿ. ತಮಿಳರಂತೂ ರಶೀದಿ ಹಿಡಿದುಕೊಂಡೇ ಮಾತಿಗೆ ಕೂರುತ್ತಾರೆ. 'ಊರಿನ ಹೆಸರಲ್ಲೇ ಕಾಸಿದೆಯಲ್ಲ ಸ್ವಾಮೀ' ಎಂದು ಯಾರೋ ಕೊನೆಗೆ ಬ್ರಹ್ಮಾಸ್ತ್ರ ಬಿಡುತ್ತಾರೆ. ಕಾಸರಗೋಡಿನ ಹೆಸರಿನಲ್ಲಿ ಕಾಸಾರ, ಅಂದರೆ ಕೆರೆ, ಇದೆ ಎನ್ನುವವರಿದ್ದಾರೆ; ಕಾಸರಕನ ಮರ ಇದೆ ಎನ್ನುವವರೂ ಇದ್ದಾರೆ. ತಿಂಗಳ ಕೊನೆಯ ಹಾಗೆ ಅಲ್ಲೂ ಕಾಸು ಮಾತ್ರ ಸಿಗುವುದಿಲ್ಲ.

ಇಂಗ್ಲಿಷಿನಲ್ಲಿ ಕ್ಯಾಶ್ ಒಂದಲ್ಲ, ಎರಡು. ಕಿಸೆಯ ದುಡ್ಡೆಂಬ ಕ್ಯಾಶಿಗೆ ಮೂಲ ಲ್ಯಾಟಿನಿನ ಕಾಪ್ಸಾ, ಅಂದರೆ ಪೆಟ್ಟಿಗೆ. ಅದು ಇಟಲಿಯಲ್ಲಿ ಕಾಸ್ಸಾ, ಫ್ರಾನ್ಸಿನಲ್ಲಿ ಕೆಸ್ ಆಗಿ 16ನೇ ಶತಮಾನದ ಕೊನೆಗೆ ಇಂಗ್ಲೆಂಡಿಗೆ ಬಂತು. ಆಗ ಕ್ಯಾಶ್ ಎಂದರೆ ಗಲ್ಲಾಪೆಟ್ಟಿಗೆ. ಬರಬರುತ್ತ ಪೆಟ್ಟಿಗೆಯೊಳಗಿನ ಹಣಕ್ಕೇ ಆ ಹೆಸರು ಅಂಟಿತು. ಇನ್ನೊಂದು ಕ್ಯಾಶ್ ಬಡಪಾಯಿ, ಪುಡಿ ನಾಣ್ಯ. ನಮ್ಮ ಕಡೆಯ ಕಾಸು ಅದೇ. ಪೋರ್ಚುಗೀಸರ ಬಾಯಲ್ಲಿ ಕೈಶಾ ಆಗಿ ಇಂಗ್ಲಿಷಿನ ಹಡಗು ಹತ್ತಿತು, ಚೀನಾದ ಚೌಕ ತೂತಿನ ತಾಮ್ರದ ಬಿಲ್ಲೆಗೂ ಹೆಸರಾಯಿತು. ಪೋರ್ಚುಗೀಸಿನಲ್ಲಿ ಕೈಶಾ ಎಂದರೆ ಪೆಟ್ಟಿಗೆಯೂ ಹೌದು, ಗೊಂದಲಕ್ಕೆ ಇಷ್ಟು ಸಾಲದೇ? ಕಾಸನ್ನು ಸಂಸ್ಕೃತದ ಕರ್ಷವೆಂಬ ತೂಕಕ್ಕೆ ಗಂಟು ಹಾಕುವ ನಿಘಂಟುಕಾರರೂ ಇದ್ದಾರೆ. ಆ ಜಗಳಕ್ಕೆ ಇನ್ನೊಂದು ಹೊಳೆ ಬೇಕು.

ಕಾಸಿಗೂ ಒಂದು ಕಾಲವಿತ್ತು. ಈಸ್ಟ್ ಇಂಡಿಯಾ ಕಂಪೆನಿಯ ಮದ್ರಾಸಿನಲ್ಲಿ 80 ಕಾಸಿಗೆ 'ಹಣ'ವೆಂಬ ಒಂದು ನಾಣ್ಯ, 42 ಹಣಕ್ಕೊಂದು ಚಿನ್ನದ ವರಹ. ವರಹಕ್ಕೆ 3,360 ಕಾಸು. ತಿರುವಿತಾಂಕೂರಿನಲ್ಲಿ 16 ಕಾಸಿಗೊಂದು ಚಕ್ರ, 28 ಚಕ್ರಕ್ಕೊಂದು ರೂಪಾಯಿ. ಮದ್ರಾಸಿಗೆಂದು ಕಂಪೆನಿ 10 ಮತ್ತು 20 ಕಾಸಿನ ನಾಣ್ಯಗಳನ್ನು ಬರ್ಮಿಂಗ್‌ಹ್ಯಾಮಿನಲ್ಲಿ ಅಚ್ಚು ಹಾಕಿಸಿತು. ಅವನ್ನು ಹೊತ್ತ ಅಡ್ಮಿರಲ್ ಗಾರ್ಡ್‌ನರ್ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಕರಾವಳಿ ದಾಟುವ ಮೊದಲೇ ಗುಡ್ವಿನ್ ಮರಳುದಿಬ್ಬದಲ್ಲಿ ಮುಳುಗಿತು. ಗಡಿನಾಡಿಗೆ ಅನುದಾನ ತಲುಪುವ ಪದ್ಧತಿ ಶುರುವಾದದ್ದು ಅಲ್ಲಿಂದಲೇ ಇರಬೇಕು.

ಇಷ್ಟು ದೊಡ್ಡ ಕುಲಗೋತ್ರ ಬಾಯಿಪಾಠ ಮಾಡಿಕೊಂಡು ಕ್ಯಾಶ್ ಕೌಂಟರಿಗೆ ಹೋಗಿ. ಚೆಕ್ಕನ್ನು ಹಿಂದಿ, ಇಂಗ್ಲಿಷ್ ಅಥವಾ 'ಸಂಬಂಧಪಟ್ಟ ಪ್ರಾದೇಶಿಕ ಭಾಷೆ'ಯಲ್ಲಿ ಬರೆಯಬಹುದು ಎಂದು ರಿಸರ್ವ್ ಬ್ಯಾಂಕೇ ಹೇಳಿದೆ. ಕಾಸರಗೋಡಿಗೆ ಸಂಬಂಧಪಟ್ಟದ್ದು ಯಾವುದು? ಊರು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಈ ಪ್ರಶ್ನೆ ಕ್ಯೂನಲ್ಲಿದೆ; ಹೊಳೆಯ ಬಡಗಣ ಭಾಗವನ್ನು ಕರ್ನಾಟಕಕ್ಕೆ ಕೊಡಿ ಎಂದ 1967ರ ಮಹಾಜನ ವರದಿ ಟೋಕನ್ ಹಿಡಿದು ಬೆಂಚಿನ ಮೇಲೆ ಕೂತಿದೆ. ಅಂಕಿಗೂ ಅಕ್ಷರಕ್ಕೂ ತಾಳೆಯಾಗದಿದ್ದರೆ ಅಕ್ಷರದಲ್ಲಿ ಬರೆದದ್ದೇ ಮೊತ್ತ ಎನ್ನುತ್ತದೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಸೆಕ್ಷನ್. 5,000 ಎಂದು ಬರೆದು ಪಕ್ಕದಲ್ಲಿ 'ಐನೂರು' ಎಂದರೆ ಐನೂರೇ. ಆ ಅಕ್ಷರ ಓದಬೇಕಾದವರು ತೆಂಕಣದಿಂದ ವರ್ಗವಾಗಿ ಬಂದ ಪಾಪದವರು. 'ಐದು ಸಾವಿರ' ಅವರ ಕಣ್ಣಿಗೆ ಜಿಲೇಬಿ. ಅವರು ಅಂಕಿಯನ್ನೇ ನಂಬುತ್ತಾರೆ, ಸೆಕ್ಷನ್ ತಲೆಕೆಳಗಾಗಿ ನಿಲ್ಲುತ್ತದೆ. ಕನ್ನಡ ಹೊಡೆದುಹಾಕಿ ಇಂಗ್ಲಿಷಿನಲ್ಲಿ ಬರೆಯೋಣವೆಂದರೆ ಅದಕ್ಕೂ ದಾರಿಯಿಲ್ಲ: ಕ್ಲಿಯರಿಂಗಿಗೆ ಹೋಗುವ ಚೆಕ್ಕಿನಲ್ಲಿ ಹೆಸರನ್ನೋ ಮೊತ್ತವನ್ನೋ ತಿದ್ದಿದರೆ, ಪಕ್ಕದಲ್ಲಿ ಸಹಿ ಹಾಕಿದ್ದರೂ ವಾಪಸ್. ಹೊಸ ಹಾಳೆ ಹರಿಯಿರಿ. ಮೊತ್ತದ ಮುಂದೆ ಜಾಗ ಬಿಡದೆ 'ಮಾತ್ರ' ಸೇರಿಸಿ ಗೆರೆ ಎಳೆಯಿರಿ. ಹಾಕಿದ ತಾರೀಕಿನಿಂದ ಮೂರು ತಿಂಗಳೊಳಗೆ ಸಲ್ಲಿಸಿ. ಪ್ರಾದೇಶಿಕ ಭಾಷೆ ಯಾವುದೆಂದು ತೀರ್ಮಾನವಾಗಲಿ ಎಂದು ಕಾದಿರೋ, ಚೆಕ್ಕು ಹಳಸುತ್ತದೆ.

ಈಗ ಎಲ್ಲದಕ್ಕೂ ಒಂದೇ ಮದ್ದು, ಕ್ಯಾಶ್‌ಲೆಸ್. ಮಲಯಾಳದಲ್ಲಿ ಕಾಶಿಲ್ಲ, ಕನ್ನಡದಲ್ಲಿ ಕಾಸಿಲ್ಲ, ತಮಿಳಿನಲ್ಲಿ ಕಾಸಿಲ್ಲೈ. ತುಳುವರು ಮಾತ್ರ 'ಕಾಸ್ ಇಜ್ಜಿ' ಎಂದು ತುಸು ದೂರ ನಿಂತಿದ್ದಾರೆ. ಇಷ್ಟು ಒಗ್ಗಟ್ಟು ಗಡಿನಾಡಿನಲ್ಲಿ ಬೇರಾವ ವಿಷಯದಲ್ಲೂ ಕಂಡದ್ದಿಲ್ಲ. 'ಲೆಸ್' ಹುಟ್ಟಿದ್ದೇ ನಮ್ಮ 'ಇಲ್ಲ'ದಿಂದ ಎಂಬ ಸುದ್ದಿ ಇನ್ನೂ ಬಂದಿಲ್ಲ. ಬರುತ್ತದೆ.

ಅಷ್ಟರೊಳಗೆ ನೋಟೊಂದು ಕೈಗೆ ಸಿಕ್ಕಿದರೆ ಹಿಂಬದಿ ತಿರುಗಿಸಿ ನೋಡಿ. 15 ಭಾಷೆಗಳ ಪಟ್ಟಿಯಲ್ಲಿ ಕನ್ನಡ ಮೇಲಿನಿಂದ ನಾಲ್ಕನೆಯದು, ಮಲಯಾಳ ಏಳನೆಯದು. ಮೂರು ಮೆಟ್ಟಿಲು ಮೇಲಿದ್ದೇವೆಂದು ಧಾರಾಳವಾಗಿ ಬೀಗಬಹುದು. ಪಟ್ಟಿ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿದೆ ಎಂಬುದನ್ನು ಮಾತ್ರ ಯಾರಿಗೂ ಹೇಳಬೇಡಿ.