ಎಫ್‌ಬಿಐ ವರದಿಗೆ ನೋಟರಿ ಸಹಿ ಬೇಡ

ಅಮೆರಿಕದಲ್ಲಿ ಕೆಲವು ವರ್ಷ ಇದ್ದು, ಈಗ ಇನ್ನೊಂದು ದೇಶದ ವೀಸಾಕ್ಕೆ ಅರ್ಜಿ ಹಾಕುತ್ತಿರುವ ನಮ್ಮವರ ಗುಂಪುಗಳಲ್ಲಿ ಒಂದು ಸಂದೇಶ ಸುತ್ತುತ್ತಲೇ ಇರುತ್ತದೆ. ಎಫ್‌ಬಿಐ ಕೊಟ್ಟ ಅಪರಾಧ ಹಿನ್ನೆಲೆ ವರದಿಗೆ ನೋಟರಿ ಸಹಿ ಹಾಕಿಸಿ, ನೀವಿರುವ ರಾಜ್ಯದಲ್ಲೇ ಅಪೊಸ್ಟೀಲ್ (ದಾಖಲೆಯ ಸಹಿ, ಮುದ್ರೆ ಅಸಲಿ ಎಂದು ಬೇರೆ ದೇಶಕ್ಕೆ ತೋರಿಸುವ ದೃಢೀಕರಣ) ಮಾಡಿಸಿ ಎಂಬುದು ಅದರ ಸಾರ.

ಇದು ತಪ್ಪು. ಎಫ್‌ಬಿಐ ವರದಿ ಕೇಂದ್ರ ಸರ್ಕಾರದ ದಾಖಲೆ. ಅದಕ್ಕೆ ಅಪೊಸ್ಟೀಲ್ ಕೊಡುವುದು ಅಮೆರಿಕದ ವಿದೇಶಾಂಗ ಇಲಾಖೆ, ರಾಜ್ಯದ ಕಚೇರಿ ಅಲ್ಲ. ಜನನ ಪತ್ರ, ಮದುವೆ ಪತ್ರಗಳಿಗೆ ರಾಜ್ಯದ ದಾರಿ ಸರಿ. ಗೊಂದಲ ಹುಟ್ಟುವುದು ಬಹುಶಃ ಅಲ್ಲೇ. ವರದಿಯ ಮೇಲೆ ಎಫ್‌ಬಿಐ ಮುದ್ರೆ, ಅಧಿಕಾರಿಯ ಸಹಿ ಇರಬೇಕು. ಇಂಥ ದಾಖಲೆಯನ್ನು ನೋಟರಿ ಮಾಡಿಸಬೇಡಿ ಎಂದು ಇಲಾಖೆಯೇ ಹೇಳುತ್ತದೆ. ಮಾಡಿಸಿದರೆ ದುಡ್ಡೂ ಹೋಗುತ್ತದೆ, ವಾರಗಟ್ಟಲೆ ಸಮಯವೂ ಹೋಗುತ್ತದೆ. ಕೆಲಸಕ್ಕೆ ಸೇರುವ ದಿನ ಹತ್ತಿರ ಇರುವವರಿಗೆ ಇದು ಸಣ್ಣ ನಷ್ಟ ಅಲ್ಲ.

ಅಪೊಸ್ಟೀಲ್ ಎಲ್ಲ ದೇಶಕ್ಕೂ ನಡೆಯುವುದಿಲ್ಲ ಎಂಬುದೂ ನೆನಪಿರಲಿ. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಮಾತ್ರ ಅದು ಸಾಕು. ಭಾರತಕ್ಕೆ ಅದು ಜಾರಿಗೆ ಬಂದದ್ದು 2005ರಲ್ಲಿ. ಸೇರದ ದೇಶಕ್ಕಾದರೆ ವಿದೇಶಾಂಗ ಇಲಾಖೆಯಿಂದ ಬೇರೆ ಬಗೆಯ ದೃಢೀಕರಣ ಪತ್ರ ಪಡೆದು, ಆ ದೇಶದ ರಾಯಭಾರ ಕಚೇರಿಗೂ ಹೋಗಬೇಕಾಗುತ್ತದೆ.

ಪರೀಕ್ಷಿಸಲು ಏಜೆಂಟರು ಬೇಕಿಲ್ಲ. ದಾಖಲೆಗೆ ಸಹಿ ಹಾಕಿದವರು ಯಾವ ಸರ್ಕಾರದವರು ಅಂತ ಮೊದಲು ನೋಡಿ. ಈ ಒಪ್ಪಂದವನ್ನು ನೋಡಿಕೊಳ್ಳುವ ಸಂಸ್ಥೆಯಾದ ಹೇಗ್ ಸಮ್ಮೇಳನದ (HCCH) ಜಾಲತಾಣದಲ್ಲಿ ಒಪ್ಪಂದಕ್ಕೆ ಸೇರಿದ ದೇಶಗಳ ಪಟ್ಟಿ ಇದೆ, ಪ್ರತಿ ದೇಶದಲ್ಲಿ ಅಪೊಸ್ಟೀಲ್ ಕೊಡುವ ಕಚೇರಿಗಳ ಹೆಸರೂ ಇದೆ. ವರದಿ ಎಷ್ಟು ಹಳೆಯದಾಗಿದ್ದರೆ ನಡೆಯುತ್ತದೆ ಎಂಬುದನ್ನು ಅದನ್ನು ಕೇಳಿದ ಕಚೇರಿಯಿಂದಲೇ ತಿಳಿದುಕೊಳ್ಳಿ, ಏಕೆಂದರೆ ಅದು ದೇಶದಿಂದ ದೇಶಕ್ಕೆ ಬದಲಾಗುತ್ತದೆ.