ಬಾಚಣಿಗೆ ಅಡುಗೆಮನೆ ಸೇರುವ ಕಾಲ

ನಮ್ಮ ಊರಲ್ಲಿ ಚಳಿ ಅಳೆಯಲು ಇದ್ದದ್ದು ಒಂದೇ ಸಾಧನ, ಬಚ್ಚಲುಮನೆ ಕಿಟಕಿಯಲ್ಲಿಡುವ ತೆಂಗಿನೆಣ್ಣೆ ಬಾಟಲಿ. ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ತೆಂಗಿನೆಣ್ಣೆ ಗಟ್ಟಿಯಾಗುತ್ತದೆ ಅಂತ ಶಾಲೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಉಜಿರೆ ದಾಟಿ, ಮುಂಡಾಜೆ ದಾಟಿ, ಚಾರ್ಮಾಡಿ ಘಾಟಿ ಶುರುವಾಗುವುದಕ್ಕೆ ಸ್ವಲ್ಪ ಮೊದಲು ನಮ್ಮ ಮನೆ. ಡಿಸೆಂಬರಿನಲ್ಲಿ ಘಾಟಿಯ ಮಂಜು ಬೆಳಗಾಗುವುದರೊಳಗೆ ಅಡಕೆ ತೋಟಕ್ಕೆ ಇಳಿದಿರುತ್ತಿತ್ತು, ಬಾಟಲಿ ಬೆಳ್ಳಗಾಗಿರುತ್ತಿತ್ತು. ತೆಂಗಿನ ಗರಿಯ ಕಡ್ಡಿ ಹಾಕಿ ಕೆರೆದು ಕೆರೆದು ತೆಗೆಯಬೇಕು. ಒಮ್ಮೆ ಬುದ್ಧಿವಂತಿಕೆ ಮಾಡಿ ಬಾಟಲಿಯನ್ನು ಬಚ್ಚಲ ಒಲೆಯ ಪಕ್ಕ ಇಟ್ಟೆ. ಎಣ್ಣೆ ಕರಗಿತು. ಬಾಟಲಿಯೂ ಸೊಂಟ ಬಗ್ಗಿಸಿ ಕೂತಿತು. ಅಮ್ಮ ಅವತ್ತು ಹೇಳಿದ್ದನ್ನು ಇಲ್ಲಿ ಬರೆಯುವುದು ಬೇಡ.

ಎಣ್ಣೆ ಗಟ್ಟಿಯಾದ ವಾರದಲ್ಲೇ ಪಕ್ಕದ ತೋಟದ ಬಾಯಮ್ಮ ಪೇಟೆಗೆ ಹೋಗಿ ಹೊಸ ಬಾಚಣಿಗೆ ತರುತ್ತಿದ್ದರು. ಪ್ರತಿ ವರ್ಷ, ಒಂದೇ ಒಂದು. ತಲೆ ಬಾಚುವುದಕ್ಕಲ್ಲ, ಕಿಡಿಯೊ ಮಾಡುವುದಕ್ಕೆ.

ನಮ್ಮ ಕಡೆ ಕ್ರಿಸ್ಮಸ್ ಅಂದರೆ ಕುಸ್ವಾರ್. ನೆವ್ರಿ, ಗುಳಿಯೊ, ರೋಸ್ ಕುಕ್ಕೀಸ್, ಅಕ್ಕಿ ಲಾಡು, ಚಕ್ಕುಲಿ, ಎಲ್ಲ ಒಂದೇ ಡಬ್ಬಿಯಲ್ಲಿ. ಅದರಲ್ಲಿ ಕಿಡಿಯೊ ಅಂದರೆ ಕೊಂಕಣಿಯಲ್ಲಿ ಹುಳುಗಳು! ಹೆಸರು ಕೇಳಿ ಮೊದಲ ವರ್ಷ ನಾನು ಮುಟ್ಟಲಿಲ್ಲ, ತಂಗಿ ನನ್ನ ಪಾಲನ್ನೂ ತಿಂದಳು. ಆ ಮೂರ್ಖತನಕ್ಕೆ ಈಗಲೂ ಬೇಜಾರಿದೆ.

ಮಾಡುವುದನ್ನು ನೋಡುವುದೇ ಒಂದು ಚಂದ. ಮೈದಾ ಹಿಟ್ಟು, ತೆಂಗಿನ ಹಾಲು, ಚಿಟಿಕೆ ಉಪ್ಪು ಹಾಕಿ ಕಲಸಿ, ಒದ್ದೆ ಬಟ್ಟೆ ಮುಚ್ಚಿಡುತ್ತಾರೆ. ಆಮೇಲೆ ನೆಲಗಡಲೆ ಬೀಜದಷ್ಟು ಚಿವುಟಿ, ಬಾಚಣಿಗೆಯ ಹಲ್ಲುಗಳ ಮೇಲಿಟ್ಟು, ಹೆಬ್ಬೆರಳಲ್ಲಿ ಒತ್ತಿ ಹಾಗೇ ಉರುಳಿಸುತ್ತಾರೆ. ಮೈತುಂಬ ಗೆರೆ ಬಿದ್ದ ಸಣ್ಣ ಸುರುಳಿ ಕೆಳಗೆ ಬೀಳುತ್ತದೆ. ಕರಿದು ಸಕ್ಕರೆ ಪಾಕಕ್ಕೆ ಹಾಕಿ ಹೊರಳಿಸಿದರೆ ಆ ಗೆರೆಗಳೊಳಗೆ ಪಾಕ ಹಿಡಿದು ಬೆಳ್ಳಗೆ ಒಣಗುತ್ತದೆ. ಗೆರೆ ಇಲ್ಲದಿದ್ದರೆ ಪಾಕ ಜಾರಿ ಹೋಗುತ್ತದಂತೆ. ಎಷ್ಟೋ ಮನೆಯಲ್ಲಿ ಫೋರ್ಕ್ ಬಳಸುತ್ತಾರೆ, ಆದರೆ ಬಾಯಮ್ಮನಿಗೆ ಅದೆಲ್ಲ ಪೇಟೆಯವರ ಶೋಕಿ.

ಅವರ ಮನೆಯ ಯಜಮಾನರಾದ ಪೊರ್ಬುಗಳ ಕೆಲಸ ನಕ್ಷತ್ರದ್ದು. ದೀಪಾವಳಿಗೆ ನಮ್ಮಪ್ಪ ಗೂಡುದೀಪ ಕಟ್ಟಿ ಉಳಿದ ಬಿದಿರು ಕಡ್ಡಿ, ಬಣ್ಣದ ಕಾಗದ ಎಲ್ಲ ಅವರಿಗೇ ಹೋಗುತ್ತಿತ್ತು, ಹಾಗಾಗಿ ಅವರ ನಕ್ಷತ್ರದ ಒಂದೋ ಎರಡೋ ಮೂಲೆ ಯಾವಾಗಲೂ ನಮ್ಮ ಗೂಡುದೀಪದ ಬಣ್ಣದ್ದೇ. ಬಾಲಯೇಸುವಿನ ಗೋದಲಿಯ ಹುಲ್ಲಿಗೆ ತಟ್ಟೆಯಲ್ಲಿ ಭತ್ತ ಮೊಳಕೆ ಬರಿಸುವುದು ಮಕ್ಕಳ ಕೆಲಸ. ಕೋಳಿ ಬಂದು ತಿಂದರೆ ಮಕ್ಕಳಿಗೇ ಬೈಗುಳ.

ನನಗೆ ತುಂಬ ಇಷ್ಟವಾಗಿದ್ದು ಮಾತ್ರ ಡಿಸೆಂಬರ್ 24ರ ರಾತ್ರಿ. ಅವರು ಇಗರ್ಜಿಯಿಂದ, ಅಂದರೆ ಚರ್ಚಿನಿಂದ, ನಡುರಾತ್ರಿಯ ಬಲಿಪೂಜೆ ಮುಗಿಸಿ ತೆಂಗಿನ ಒಣಗರಿಯ ತೂಟೆ ಉರಿಸಿ ಬೀಸುತ್ತಾ ಗದ್ದೆ ಬದುವಿನ ಮೇಲೆ ವಾಪಸ್ ಬರುತ್ತಿದ್ದರು, ಅವರು ಮಲಗಿ ಸ್ವಲ್ಪ ಹೊತ್ತಿಗೆ ನಮ್ಮಪ್ಪ ತಣ್ಣೀರು ಮಿಂದು, ನಡುಗುತ್ತಾ, ಅದೇ ಬದುವಿನಲ್ಲಿ ದೇವಸ್ಥಾನದಲ್ಲಿ ಬೆಳಗಾಗುವ ಮೊದಲೇ ನಡೆಯುವ ಧನುಪೂಜೆಗೆ ಹೊರಡುತ್ತಿದ್ದರು. ಅವರ ನಾಯಿ ಒಂದೇ ರಾತ್ರಿ ಎರಡು ಸಲ ಬೊಗಳಬೇಕು ಪಾಪ.

ಬೆಳಿಗ್ಗೆ ಡಬ್ಬಿ ಬರುತ್ತಿತ್ತು. ಅಜ್ಜಿ ಮೊಟ್ಟೆ ತಿನ್ನುವುದಿಲ್ಲ ಅಂತ ಬಾಯಮ್ಮ ನಮಗೆ ಬೇರೆಯೇ ರೋಸ್ ಕುಕ್ಕೀಸ್ ಸುಡುತ್ತಿದ್ದರು. ಮೊಟ್ಟೆ ಹಾಕಿದ್ದೇ ಜಾಸ್ತಿ ರುಚಿ ಅಂತ ಅವರ ಮನೆಯಲ್ಲಿ ಕದ್ದು ತಿಂದ ನಮಗೆ ಗೊತ್ತಿತ್ತು, ಹೇಳಲಿಲ್ಲ ಅಷ್ಟೆ.

ಈಗ ನಾನಿರುವುದು ಮಂಗಳೂರಿನಲ್ಲಿ, ನಾಲ್ಕನೇ ಮಹಡಿಯ ಫ್ಲಾಟು. ಡಿಸೆಂಬರಿನಲ್ಲಿ ಎಣ್ಣೆ ಬಾಟಲಿಯ ತಳದಲ್ಲಿ ಬಿಳಿ ಮೋಡದ ಹಾಗೆ ಏನೋ ಸ್ವಲ್ಪ ಕಾಣುತ್ತದೆ, ಹತ್ತು ಗಂಟೆಗೆ ಅದೂ ಇಲ್ಲ. ಕುಸ್ವಾರ್ ಬೇಕರಿಯಲ್ಲೇ ಸಿಗುತ್ತದೆ. ಅಲ್ಲಿನ ಕಿಡಿಯೊ ಎಲ್ಲ ಒಂದೇ ಅಳತೆ, ಒಂದಕ್ಕೂ ಹೆಬ್ಬೆರಳಿನ ಗುರುತಿಲ್ಲ. ತಿನ್ನಲು ಚೆನ್ನಾಗಿಯೇ ಇದೆ, ಸುಳ್ಳು ಹೇಳಬಾರದು.

ಕಳೆದ ವರ್ಷ ಊರಿಗೆ ಹೋದಾಗ ಬಾಯಮ್ಮನ ಮನೆಗೆ ಹೋಗಿದ್ದೆ. ಗಂಟುನೋವಿಗೆ ಹೆಬ್ಬೆರಳು ಬಗ್ಗುವುದಿಲ್ಲ. ಹೊಸ ಬಾಚಣಿಗೆ ಮಾತ್ರ ಬಂದಿತ್ತು. "ನೀನೇ ಒತ್ತು ಮಗಾ" ಅಂದರು. ಒತ್ತಿದೆ. ಅಂಟಿತು, ಹರಿಯಿತು, ಕೊನೆಗೂ ಒಂದು ಉದ್ದಕ್ಕೆ ಸುರುಳಿಯಾಗಿ ಬಿತ್ತು. ಬಾಯಮ್ಮ ಕನ್ನಡಕ ಸರಿಮಾಡಿಕೊಂಡು ಅದನ್ನು ಅಂಗೈಯಲ್ಲಿಟ್ಟು ನೋಡಿದರು.

"ಇದು ಕಿಡಿಯೊ ಅಲ್ಲ ಮಾರಾಯಾ, ಚೇರಂಟೆ."

ಆ ಸಾವಿರ ಕಾಲಿನ ಹುಳವನ್ನೂ ಕರಿದರು.